ಲಂಡನ್ನಿನಲ್ಲಿ ಒಂದು ಕರಗಿಸದ ಚಿನ್ನ

ನಮ್ಮ ಕೋಲಾರದ ಕಡೆಯವರು ಯಾರಾದರೂ ಲಂಡನ್ನಿಗೆ ಬಂದರೆ ನಾನು ಮೊದಲು ಕರೆದುಕೊಂಡು ಹೋಗುವುದು ಸೌತ್ ಕೆನ್ಸಿಂಗ್ಟನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ. ಒಳಗೆ ಹೋಗೋಕೆ ದುಡ್ಡಿಲ್ಲ. 1881ರಲ್ಲಿ ಬಾಗಿಲು ತೆರೆದ ಈ ಮ್ಯೂಸಿಯಂ ಹತ್ತಿರ ಸುಮಾರು 8 ಕೋಟಿ ವಸ್ತುಗಳಿವೆ. ನಾವು ನೋಡುವುದು ಅದರಲ್ಲಿ ತೀರಾ ಸ್ವಲ್ಪ.

ದೊಡ್ಡ ಹಾಲ್‌ನಲ್ಲಿ ತಲೆಯ ಮೇಲೆ 25 ಮೀಟರ್ ಉದ್ದದ ನೀಲಿ ತಿಮಿಂಗಿಲದ ಅಸ್ಥಿಪಂಜರ ತೂಗುತ್ತದೆ. 1891ರಲ್ಲಿ ಐರ್ಲೆಂಡಿನ ಕರಾವಳಿಯಲ್ಲಿ ದಡಕ್ಕೆ ಸಿಕ್ಕಿಕೊಂಡ ತಿಮಿಂಗಿಲ ಅದು. ಫೋಟೋ ತೆಗೆಯುವವರೆಲ್ಲ ಅಲ್ಲೇ ಇರುತ್ತಾರೆ. ಮೆಟ್ಟಿಲು ಹತ್ತಿ ಮೇಲೆ ಹೋದರೆ ಕ್ಯಾಲಿಫೋರ್ನಿಯಾದ ದೈತ್ಯ ಸಿಕೋಯಾ ಮರದ ಒಂದು ಅಡ್ಡ ಹೋಳು. 1300ಕ್ಕೂ ಜಾಸ್ತಿ ವರ್ಷ ಬದುಕಿದ ಮರ. ಅದು ಮೊಳೆತಾಗ ನಮ್ಮ ಕಡೆ ಗಂಗರ ಆಳ್ವಿಕೆ. ಅದನ್ನು ಕಡಿದು ಉರುಳಿಸುವ ಹೊತ್ತಿಗೆ ಕೆಜಿಎಫ್‌ನಲ್ಲಿ ಗಣಿಗಳು ಜೋರಾಗಿ ನಡೀತಿದ್ದವು.

ನಾನು ಬರುವುದು ಮಾತ್ರ ಕಲ್ಲುಗಳ ಸಾಲಿಗೆ. ಹಳೇ ಓಕ್ ಮರದ ಗಾಜಿನ ಪೆಟ್ಟಿಗೆಗಳು, ಒಳಗೆ ಸಾಲಾಗಿ ಕಲ್ಲು, ಪ್ರತಿಯೊಂದರ ಪಕ್ಕ ಒಂದು ಚೀಟಿ. ಆ ಸಾಲಿನ ಕೊನೆಯಲ್ಲಿ 'ವಾಲ್ಟ್' ಅನ್ನೋ ಚಿಕ್ಕ ಕೋಣೆ. ಅಲ್ಲಿ 296 ಬಣ್ಣದ ವಜ್ರಗಳ ಒಂದು ಗೋಪುರವೂ ಇದೆ, ಚೆನ್ನಾಗಿದೆ. ಆದರೆ ಕೆಜಿಎಫ್ ಬಲ್ಲವರು ನೋಡಬೇಕಾದ್ದು ಲಾಟ್ರೋಬ್ ಅನ್ನೋ ಚಿನ್ನದ ಗಟ್ಟಿ.

ತೂಕ 717 ಗ್ರಾಂ. 1853ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಸಿಕ್ಕಿದ್ದು. ಅಲ್ಲಿನ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಚಾರ್ಲ್ಸ್ ಲಾ ಟ್ರೋಬ್ ಅವರ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ. ಹತ್ತಿರ ಹೋಗಿ ಬಗ್ಗಿ ನೋಡಿ. ಚಿನ್ನ ಇಲ್ಲಿ ಮುದ್ದೆಯಾಗಿಲ್ಲ. ಚೌಕ ಚೌಕವಾದ ಹರಳುಗಳು ಒಂದಕ್ಕೊಂದು ಅಂಟಿಕೊಂಡು ಬೆಳೆದಿವೆ, ಮೂಲೆಗಳು ಎದ್ದು ಕಾಣುತ್ತವೆ. ಯಾವ ಅಕ್ಕಸಾಲಿಗನೂ ಮುಟ್ಟಿಲ್ಲ, ಭೂಮಿಯೇ ಹೀಗೆ ಕಟ್ಟಿದೆ. ಚಿನ್ನ ಸಾಮಾನ್ಯವಾಗಿ ಸಣ್ಣ ಕಣವಾಗಿಯೋ ತೆಳು ಚೂರಾಗಿಯೋ ಸಿಗುತ್ತದೆ. ಇಷ್ಟು ದೊಡ್ಡ ಚೌಕ ಹರಳುಗಳ ಗುಂಪು ಬಲು ಅಪರೂಪ. ಅದನ್ನು ಅವತ್ತೇ ಕರಗಿಸಿದ್ದರೆ 717 ಗ್ರಾಂ ಚಿನ್ನ ಆಗ್ತಿತ್ತು, ಅಷ್ಟೇ. ಯಾರೋ ಒಬ್ಬರು ಬೇಡ ಅಂದರು. ಅವರಿಗೆ ನಾನು ಕೈ ಮುಗಿಯುತ್ತೇನೆ.

ನಮ್ಮ ಕಡೆ ಚಿನ್ನ ಹೀಗೆ ಕಣ್ಣಿಗೆ ಬೀಳುತ್ತಿರಲಿಲ್ಲ. ಬೆಣಚುಕಲ್ಲಿನ ಪದರದೊಳಗೆ ಅಡಗಿರುತ್ತಿತ್ತು. ಕಲ್ಲನ್ನು ಮೇಲೆ ತರಬೇಕು, ಪುಡಿ ಮಾಡಬೇಕು, ಸೈನೈಡ್ ನೀರಿನಲ್ಲಿ ಚಿನ್ನ ಬಿಡಿಸಬೇಕು. ಕೊನೆಕೊನೆಗೆ ಒಂದು ಟನ್ ಅದಿರಿಗೆ ಕೆಲವೇ ಗ್ರಾಂ. ಅದಕ್ಕಾಗಿ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದರು ನಮ್ಮ ಜನ. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚುವ ತನಕ ಸುಮಾರು 800 ಟನ್ ಚಿನ್ನ ಹೊರಗೆ ಬಂತು. ಬ್ರಿಟಿಷರ ಕಾಲದಲ್ಲಿ ಅದು ಬಂದಿದ್ದೂ ಇದೇ ಲಂಡನ್ನಿಗೇ. ಎಲ್ಲವೂ ಕರಗಿ ಎಲ್ಲೆಲ್ಲೋ ಸೇರಿಹೋಯಿತು. ಊರಿನಲ್ಲಿ ಉಳಿದಿದ್ದು ಚಿನ್ನ ತೆಗೆದ ಮೇಲೆ ಸುರಿದ ಕಲ್ಲುಪುಡಿಯ ಬೂದು ಬಣ್ಣದ ಸೈನೈಡ್ ಗುಡ್ಡಗಳು.

ಅದೇ ಮ್ಯೂಸಿಯಂನಲ್ಲಿ 'ಡೆಲ್ಲಿ ಪರ್ಪಲ್ ಸಫೈರ್' ಅನ್ನುವ ನೇರಳೆ ಕಲ್ಲೂ ಇದೆ. ಹೆಸರಿಗೆ ನೀಲ, ನಿಜಕ್ಕೂ ಅದು ಅಮೆಥಿಸ್ಟ್. 1857ರ ಗಲಾಟೆಯಲ್ಲಿ ಕಾನ್ಪುರದ ಒಂದು ಇಂದ್ರನ ಗುಡಿಯಿಂದ ಲೂಟಿಯಾಗಿ ಬಂತು, ಇಟ್ಟುಕೊಂಡವರಿಗೆಲ್ಲ ಕೆಡುಕಾಯಿತು ಅಂತ ಕಥೆ. ಅದರ ಕೊನೆಯ ಒಡೆಯ ಎಡ್ವರ್ಡ್ ಹೆರಾನ್ ಆಲನ್ ಇದು ಶಾಪಗ್ರಸ್ತ ಕಲ್ಲು ಅಂತ ಕಾಗದ ಬರೆದು ಜೊತೆಗಿಟ್ಟಿದ್ದರು. ಶಾಪವನ್ನು ನಾನು ನಂಬಲ್ಲ. ಲೂಟಿಯ ಮಾತು ಮಾತ್ರ ಮನಸ್ಸಿಗೆ ಚುಚ್ಚುತ್ತದೆ. ಆದರೂ ಒಂದು ಮಾತು ಒಪ್ಪಲೇಬೇಕು: ಆ ಕಾಗದ ಇಲ್ಲದಿದ್ದರೆ ಅದು ಹತ್ತರಲ್ಲಿ ಹನ್ನೊಂದನೇ ನೇರಳೆ ಕಲ್ಲು.

ಇಲ್ಲಿ ನಿಂತಾಗಲೆಲ್ಲ ನನಗೆ ನಮ್ಮ ಕಲ್ಲುಗಳದೇ ಯೋಚನೆ. ಕೆಜಿಎಫ್ ಹತ್ತಿರ ಪೆದ್ದಪಲ್ಲಿಯಲ್ಲಿ ಜ್ವಾಲಾಮುಖಿ ಉಗುಳಿದ ಕಲ್ಲುಬಂಡೆ ಇವೆ. ಆ ಭಾಗದ ಬಂಡೆಗಳ ವಯಸ್ಸು ಸುಮಾರು 270 ಕೋಟಿ ವರ್ಷ. ಜಿಯಾಲಜಿಕಲ್ ಸರ್ವೆಯವರು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದ್ದಾರೆ. ನಮ್ಮಲ್ಲಿ ಎಷ್ಟು ಜನ ನೋಡಿದ್ದೀವಿ ಹೇಳಿ? ಮಕ್ಕಳನ್ನು ಕೋಟಿಲಿಂಗೇಶ್ವರಕ್ಕೆ ಕರೆದುಕೊಂಡು ಹೋದ ದಿನ ಇದನ್ನೂ ತೋರಿಸಿಕೊಂಡು ಬನ್ನಿ, ದಾರಿ ದೂರವೇನಲ್ಲ.

ಇನ್ನೊಂದು ಕೇಳಿಕೊಳ್ತೀನಿ. ಗಣಿಯಲ್ಲಿ ದುಡಿದವರ ಎಷ್ಟೋ ಮನೆಗಳಲ್ಲಿ ಶೋಕೇಸ್ ಮೇಲೆ ಒಂದು ಕಲ್ಲಿನ ಚೂರು ಇರುತ್ತದೆ. ಬೆಲೆಯಿಲ್ಲದ್ದು, ಸುಮ್ನೆ ನೆನಪಿಗೆ ಅಂತ ಇಟ್ಟಿದ್ದು. ತಾತ ಇರುವಾಗಲೇ ಕೇಳಿ ಒಂದು ಚೀಟಿ ಅಂಟಿಸಿಬಿಡಿ. ಯಾವ ಶಾಫ್ಟ್ (ಗಣಿಗೆ ಇಳಿಯುವ ಬಾವಿ), ಎಷ್ಟನೇ ಲೆವೆಲ್ (ಆಳದ ಹಂತ), ಯಾವ ವರ್ಷ, ಯಾರು ತಂದರು. ನಮ್ಮ ದೊಡ್ಡಪ್ಪನ ಹತ್ತಿರವೂ ಒಂದಿದೆ, ಕಪ್ಪು ನೀಲಿ ಬಣ್ಣದ ಬೆಣಚುಕಲ್ಲು. ಹೋದ ವಾರ ಫೋನ್ ಮಾಡಿ ಕೇಳಿದೆ. ಶಾಫ್ಟಿನ ಹೆಸರು, ಲೆವೆಲ್ಲಿನ ನಂಬರು ಥಟ್ಟನೆ ಹೇಳಿದರು. ವರ್ಷ ಮಾತ್ರ ನೆನಪಾಗ್ತಿಲ್ಲ. ಜೊತೆಗೆ ಶಿಫ್ಟ್ ಮಾಡ್ತಿದ್ದವರೊಬ್ಬರು ಆಂಡರ್ಸನ್‌ಪೇಟೆಯಲ್ಲಿದ್ದಾರಂತೆ, ಭಾನುವಾರ ಹೋಗಿ ಕೇಳಿಕೊಂಡು ಬರ್ತೀನಿ ಅಂದಿದ್ದಾರೆ.