ತಿದೋರೆಯಲ್ಲಿ ಒಂದು ರಾತ್ರಿಯಾದರೂ ಉಳಿಯಿರಿ

ಇಂಡೊನೇಷ್ಯಾದ ತೆರ್ನಾತೆಗೆ ಹೋದವರಲ್ಲಿ ಅನೇಕರು ಎದುರಿನ ತಿದೋರೆ ದ್ವೀಪವನ್ನು ಅರ್ಧ ದಿನದಲ್ಲಿ ಮುಗಿಸಿ ಬರುತ್ತಾರೆ. ನಾನೂ ಹಾಗೆಂದೇ ಹೊರಟಿದ್ದೆ. ಕೊನೆಗೆ ಮೂರು ರಾತ್ರಿ ಉಳಿದೆ.

ಜಕಾರ್ತಾದಿಂದ ಮಕಾಸ್ಸರ್ ಅಥವಾ ಮನಾಡೊ ಮಾರ್ಗವಾಗಿ ತೆರ್ನಾತೆ ತಲುಪಿ, ಬಸ್ತಿಯೋಂಗ್ ಬಂದರಿನಲ್ಲಿ ಸ್ಪೀಡ್‌ಬೋಟ್ ಹತ್ತಿದರೆ ಹತ್ತು ನಿಮಿಷದ ಆಸುಪಾಸಿನಲ್ಲಿ ತಿದೋರೆಯ ಬಂದರು ರುಮ್ ಬರುತ್ತದೆ. ಚಿಲ್ಲರೆ ರುಪಿಯಾ (ಅಲ್ಲಿಯ ಹಣ) ಜೊತೆಗಿರಲಿ.

ರುಮ್‌ನಲ್ಲಿ ಇಳಿದೊಡನೆ ವ್ಯಾನಿನ ಕಡೆಗೆ ಓಡಬೇಡಿ. ಸ್ಪೇನಿನ ಪರವಾಗಿ ಹೊರಟಿದ್ದ ನಾವಿಕ ಮೆಗೆಲನ್ ಫಿಲಿಪ್ಪೀನ್ಸಿನಲ್ಲಿ ಸತ್ತ ಮೇಲೆ ಅವನ ಎರಡು ಹಡಗುಗಳು 1521ರ ನವೆಂಬರ್ 8ರಂದು ಬಂದು ಸೇರಿದ್ದು ಈ ದ್ವೀಪಕ್ಕೆ. ಪೋರ್ಚುಗೀಸರು ತಿದೋರೆಯ ಎದುರಾಳಿ ತೆರ್ನಾತೆಯ ಪಕ್ಷದಲ್ಲಿದ್ದರು. ಆದ್ದರಿಂದ ತಿದೋರೆಯ ಸುಲ್ತಾನ ಅಲ್-ಮನ್ಸೂರ್ ಸ್ಪೇನಿನವರನ್ನು ಆದರದಿಂದ ಬರಮಾಡಿಕೊಂಡ. ಇಲ್ಲಿಯ ಲವಂಗ ತುಂಬಿಕೊಂಡು ಹೊರಟ 'ವಿಕ್ಟೋರಿಯಾ' ಮರುವರ್ಷ ಸ್ಪೇನ್ ತಲುಪಿ ಭೂಮಿಯ ಮೊದಲ ಪ್ರದಕ್ಷಿಣೆಯನ್ನು ಪೂರೈಸಿತು. ನಮ್ಮ ಸಾಂಬಾರ ಡಬ್ಬಿಯಲ್ಲಿರುವ ಆ ಪುಟ್ಟ ಮೊಗ್ಗಿಗೆ ಇಷ್ಟು ದೊಡ್ಡ ಕಥೆ!

ಸುಲ್ತಾನರ ಅರಮನೆಯಿರುವುದು ದ್ವೀಪದ ಇನ್ನೊಂದು ಮಗ್ಗುಲಿನ ಸೊವಾಸಿಯೊ ಪಟ್ಟಣದಲ್ಲಿ. ಶುಕ್ರವಾರ ಮಧ್ಯಾಹ್ನ ಹೋಗಬೇಡಿ. ನಾನು ಹೋದಾಗ ಎಲ್ಲರೂ ನಮಾಜಿಗೆ ತೆರಳಿದ್ದರು, ಬಾಗಿಲು ಮುಚ್ಚಿತ್ತು. ಭುಜ, ಮೊಣಕಾಲು ಮುಚ್ಚುವ ಬಟ್ಟೆ ತೊಡಿ. ಕಾಯುವ ಹೊತ್ತಿನಲ್ಲಿ ಸ್ಪೇನಿನವರ ತಹುಲಾ ಕೋಟೆಯ ಮೆಟ್ಟಿಲು ಹತ್ತಿ. ಅಲ್ಲಿಂದ ಪಕ್ಕದ ದೊಡ್ಡ ದ್ವೀಪ ಹಾಲ್ಮಹೇರಾದವರೆಗೂ ಕಡಲು ಕಾಣುತ್ತದೆ.

ಹೋಗುವ ಮುನ್ನ ಸುಲ್ತಾನ ನುಕು ಬಗ್ಗೆ ತಿಳಿದುಕೊಂಡಿರಿ. ಡಚ್ಚರು ತಮಗೆ ಬೇಕಾದವರನ್ನು ಗದ್ದುಗೆಗೆ ಕೂರಿಸುತ್ತಿದ್ದಾಗ, 1780ರಲ್ಲಿ ದ್ವೀಪ ಬಿಟ್ಟುಹೋದ ಈ ರಾಜಕುಮಾರ ಪಪುವಾ, ಸೆರಾಮ್, ಹಾಲ್ಮಹೇರಾಗಳ ಜನರನ್ನು ಕೂಡಿಸಿದ. 1797ರಲ್ಲಿ ತಿದೋರೆಯನ್ನು ಮರಳಿ ಪಡೆದ. 1801ರಲ್ಲಿ ಇಂಗ್ಲಿಷರ ಜೊತೆಗೂಡಿ ತೆರ್ನಾತೆಯಿಂದಲೂ ಡಚ್ಚರನ್ನು ಹೊರಡಿಸಿದ. ಪಪುವಾದೊಂದಿಗಿನ ಆ ನಂಟು ಎಷ್ಟು ಗಟ್ಟಿಯೆಂದರೆ, 1956ರಲ್ಲಿ ಇಂಡೊನೇಷ್ಯಾದ ಅಧ್ಯಕ್ಷ ಸುಕರ್ಣೊ ಸರ್ಕಾರ ಪಪುವಾಕ್ಕಾಗಿ ಪಶ್ಚಿಮ ಇರಿಯನ್ ಪ್ರಾಂತ್ಯ ರಚಿಸಿದಾಗ ತಿದೋರೆಯ ಸುಲ್ತಾನ ಜೈನಲ್ ಆಬಿದಿನ್ ಶಾ ಅವರನ್ನೇ ಗವರ್ನರ್ ಮಾಡಿ, ಸೊವಾಸಿಯೊವನ್ನು ರಾಜಧಾನಿಯಾಗಿಸಿತು. ಇದು ಗೊತ್ತಿದ್ದರೆ ಈ ಸಣ್ಣ ಪಟ್ಟಣ ಬೇರೆಯೇ ಆಗಿ ಕಾಣುತ್ತದೆ.

ಒಂದು ರಾತ್ರಿಯನ್ನು ಗುರಾಬುಂಗಾಗೆ ಮೀಸಲಿಡಿ. ಸುಮಾರು 1,730 ಮೀಟರ್ ಎತ್ತರದ ಕಿಯೆ ಮಾತುಬು ಜ್ವಾಲಾಮುಖಿಯ ಮಡಿಲಿನ ತಂಪು ಹಳ್ಳಿ ಅದು. ಸುಲ್ತಾನ ಮನೆತನದ ವಿಧಿಗಳಲ್ಲಿ ಪಾತ್ರವಿರುವ ಸೊವೊಹಿ ಎಂಬ ಹಿರಿಯರ ಮನೆಗಳು ಇಲ್ಲಿವೆ. ಕೇಳದೆ ಒಳಗೆ ಹೋಗಬೇಡಿ, ಫೋಟೊ ತೆಗೆಯಬೇಡಿ. ಶಿಖರ ಏರುವುದಾದರೆ ಊರಿನವರೊಬ್ಬರನ್ನು ಕರೆದುಕೊಂಡು ನಸುಕಿಗೇ ಹೊರಡಿ. ಇಳಿದು ಬಂದ ಮೇಲೆ ಕೋಪಿ ದಾಬೆ ಕೇಳಿ ಕುಡಿಯಿರಿ. ಲವಂಗ, ಚಕ್ಕೆ, ಶುಂಠಿ ಹಾಕಿ ಕಾಯಿಸಿದ ಆ ಕಾಫಿಯ ಘಮ ಊರು ಸೇರಿದ ಮೇಲೂ ನನ್ನ ಸ್ವೆಟರಿನಲ್ಲಿತ್ತು.