ಪಟ್ಟಿಯ ಹೊರಗಿನ ಸಂಖ್ಯೆ

ಬಂಡೆ ಹತ್ತುವಾಗ ನಾನು ಬಳಸುವ ಸ್ಲಿಂಗ್‌ನ, ಅಂದರೆ ನವಾರನ್ನು ಉಂಗುರದಂತೆ ಹೊಲಿದ ಕುಣಿಕೆಯ, ತಯಾರಕರು ಈ ವಾರ ಒಂದು ಪ್ರಕಟಣೆ ಹೊರಡಿಸಿದ್ದಾರೆ. ಕೆಲವು ಬ್ಯಾಚ್‌ಗಳಲ್ಲಿ ನವಾರಿನ ಎರಡು ತುದಿಗಳು ಕೂಡುವ ಜಾಗದ ಹೊಲಿಗೆ ಅಪೂರ್ಣವಾಗಿರುವ ಸಾಧ್ಯತೆಯಿದೆ, ಆದ್ದರಿಂದ ಅವನ್ನು ಕೂಡಲೇ ಬಳಕೆಯಿಂದ ತೆಗೆದು ಹಿಂದಿರುಗಿಸಬೇಕು ಎಂಬುದು ಅದರ ಸಾರಾಂಶ. ನನ್ನ ಸ್ಲಿಂಗ್‌ನ ಸಂಖ್ಯೆ ಆ ಪಟ್ಟಿಯಲ್ಲಿಲ್ಲ. ಪಟ್ಟಿ ಮುಗಿದ ಕೂಡಲೇ ಶುರುವಾಗುವ ಬ್ಯಾಚಿನದು ಅದು. ಬಂಡೆಯ ನೆತ್ತಿ ತಲುಪಿದ ಮೇಲೆ ನಾನು ಆಂಕರ್‌ಗೆ, ಅಂದರೆ ಬಂಡೆಗೆ ಬಡಿದ ಬೋಲ್ಟ್‌ಗಳ ಆಸರೆಗೆ, ಕಟ್ಟಿಕೊಳ್ಳುವುದು ಅದರಿಂದಲೇ. ಇಳಿಯುವ ಸಿದ್ಧತೆಗೆಂದು ಹಗ್ಗವನ್ನು ಬಿಚ್ಚಿದ ಆ ಕೆಲವು ನಿಮಿಷ ನನ್ನನ್ನು ಹಿಡಿದಿಡುವುದು ಅದೊಂದೇ.

ತಯಾರಕರ ಗ್ರಾಹಕ ವಿಭಾಗಕ್ಕೆ ಫೋನ್ ಮಾಡಿದೆ. ಆ ಕಡೆಯಿಂದ ಮಾತನಾಡಿದವರು ಸಂಖ್ಯೆಯನ್ನು ಎರಡು ಸಲ ಹೇಳಿಸಿಕೊಂಡು, "ಪಟ್ಟಿಯಲ್ಲಿಲ್ಲ ಸರ್, ನೀವು ಬಳಸಬಹುದು" ಎಂದರು. ಪಟ್ಟಿ ಆ ಸಂಖ್ಯೆಗೇ ನಿಂತದ್ದು ಯಾಕೆ ಎಂದು ಕೇಳಿದೆ. ತುಸು ತಡೆದು ಅವರು ಕೊಟ್ಟ ಉತ್ತರ: "ನಿಮಗೆ ಅನುಮಾನವಿದ್ದರೆ ಬಳಸಬೇಡಿ ಸರ್."

ಬಳಸಬಹುದು, ಅನುಮಾನವಿದ್ದರೆ ಬಳಸಬೇಡಿ. ಒಂದೇ ನಿಮಿಷದಲ್ಲಿ ಒಬ್ಬರೇ ಆಡಿದ ಈ ಎರಡು ಮಾತುಗಳನ್ನು ವಾರವಿಡೀ ತಲೆಯಲ್ಲಿ ತಿರುವಿಹಾಕುತ್ತಿದ್ದೇನೆ. ಮೊದಲನೆಯದು ಸಂಸ್ಥೆಯ ಮಾತು, ಎರಡನೆಯದು ಹೊಣೆಯನ್ನು ನನ್ನ ಹೆಗಲಿಗೆ ದಾಟಿಸುವ ಮಾತು. ಆ ಉದ್ಯೋಗಿಯ ಮೇಲೆ ನನಗೆ ಸಿಟ್ಟಿಲ್ಲ, ಎದುರಿಗಿದ್ದ ಹಾಳೆಯಲ್ಲಿ ಇಲ್ಲದ್ದನ್ನು ಅವರು ಎಲ್ಲಿಂದ ತಂದಾರು? ಆದರೆ ದೋಷ ಯಾವ ಯಂತ್ರದಲ್ಲಿ ಶುರುವಾಯಿತು, ಯಾವಾಗ ನಿಂತಿತು ಎಂಬ ಒಂದು ಸಾಲನ್ನು ಆ ಹಾಳೆಯಲ್ಲಿ ಸೇರಿಸಬಹುದಿತ್ತು. ಗಡಿಯನ್ನು ಮಾತ್ರ ತೋರಿಸಿ, ಅದನ್ನು ಎಳೆದ ಕಾರಣವನ್ನು ಮುಚ್ಚಿಟ್ಟರೆ ಗಡಿಯ ಪಕ್ಕದಲ್ಲಿ ನಿಂತವನಿಗೆ ಸಮಾಧಾನವಾಗುವುದಿಲ್ಲ.

ನನ್ನ ಜೊತೆ ಹತ್ತುವ ಗೆಳೆಯನಿಗೆ ಇದೆಲ್ಲ ಅತಿಯೆನಿಸಿತು. "ಇಷ್ಟು ವರ್ಷ ಹಿಡಿದಿಲ್ಲವೇನೋ ಮಾರಾಯ? ಇನ್ನೆಂಥ ಪುರಾವೆ ಬೇಕು ನಿನಗೆ?" ಎಂದ. ಬಿಲೇ ಮಾಡುವಾಗ, ಅಂದರೆ ಹತ್ತುವವನು ಬೀಳದಂತೆ ಹಗ್ಗ ಹಿಡಿದು ಕಾಯುವಾಗ, ಅವನಷ್ಟು ಎಚ್ಚರದ ಮನುಷ್ಯನನ್ನು ನಾನು ಕಂಡಿಲ್ಲ, ಹಗ್ಗದಿಂದ ಅವನ ಗಮನ ಒಂದು ಕ್ಷಣವೂ ಕದಲುವುದಿಲ್ಲ. ಲೆಕ್ಕ ಹಾಕುವುದು ಮಾತ್ರ ಅಂಜುಬುರುಕರ ಕಸುಬೆಂದು ಅವನ ನಂಬಿಕೆ.

ಅವನ ಪುರಾವೆ ಪುರಾವೆಯೇ ಅಲ್ಲ. ಹೊಲಿದ ಸ್ಲಿಂಗ್ ಕನಿಷ್ಠ 22 ಕಿಲೋನ್ಯೂಟನ್ ಬಲವನ್ನು ತಡೆಯಬೇಕೆಂದು ಯುರೋಪಿನ ಇಎನ್ 566 ಮಾನದಂಡ ಹೇಳುತ್ತದೆ, ಅಂದರೆ ಸುಮಾರು 2,200 ಕಿಲೋ ತೂಕ. 80 ಕಿಲೋದ ವ್ಯಕ್ತಿ ಅಲುಗಾಡದೆ ಜೋತುಬಿದ್ದರೆ ಅದರ ಮೇಲೆ ಬೀಳುವುದು ಒಂದು ಕಿಲೋನ್ಯೂಟನ್‌ಗಿಂತಲೂ ಕಡಿಮೆ. ಅರ್ಧದಷ್ಟು ಹೊಲಿಗೆಯೇ ಇಲ್ಲದ ಸ್ಲಿಂಗ್ ಕೂಡ ಇಷ್ಟನ್ನು ವರ್ಷಗಟ್ಟಲೆ ಹೊತ್ತೀತು. ಆಂಕರ್‌ಗಿಂತ ಮೇಲಕ್ಕೆ ಒಂದು ಹೆಜ್ಜೆ ಹತ್ತಿ, ಸ್ಲಿಂಗ್ ಸಡಿಲವಾಗಿರುವಾಗ ಕಾಲು ಜಾರಿತೆನ್ನಿ. ಹಗ್ಗದಂತೆ ಹಿಗ್ಗದ, ಡೈನೀಮಾ ಎಂಬ ಕೃತಕ ನೂಲಿನ ನವಾರಿನಲ್ಲಿ ಆ ಬಲ ಒಮ್ಮೆಲೇ ಏರುತ್ತದೆ. ಇಷ್ಟು ವರ್ಷ ಹಿಡಿದದ್ದು ನನ್ನ ತೂಕವನ್ನು, ಆ ಏಟನ್ನಲ್ಲ.

ಹಾಗಾದರೆ ಎಳೆದು ಪರೀಕ್ಷಿಸಿ ನೋಡೋಣವೆಂದರೆ ಅದಕ್ಕೂ ದಾರಿಯಿಲ್ಲ. ಸ್ಲಿಂಗ್ ಎಷ್ಟು ಬಲಕ್ಕೆ ಹರಿಯುತ್ತದೆಂದು ತಿಳಿಯಬೇಕಾದರೆ ಅದನ್ನು ಹರಿಯಲೇಬೇಕು; ಕಾರ್ಖಾನೆಯಲ್ಲಿ ಹಾಗೆ ಹರಿದದ್ದು ನನ್ನದರ ಒಡಹುಟ್ಟುಗಳನ್ನು, ನನ್ನದನ್ನಲ್ಲ. ಹೊಲಿಗೆಯನ್ನು ನಾನು ಕಣ್ಣಿನಿಂದ ನೋಡಬಲ್ಲೆ, ನೋಡಿದ್ದೇನೆ, ಸರಿಯಾಗಿಯೇ ಕಾಣುತ್ತದೆ. ಪದರಗಳ ನಡುವೆ ದಾರ ಹಾದುಹೋಗಿದೆಯೋ ಇಲ್ಲವೋ ಎಂಬುದು ನೋಟಕ್ಕೆ ನಿಲುಕುವುದಿಲ್ಲ.

ಗೆಳೆಯನ ಇನ್ನೊಂದು ವಾದಕ್ಕೆ ಮಾತ್ರ ತೂಕವಿದೆ. ಹೀಗೆ ಅನುಮಾನಿಸುತ್ತ ಹೋದರೆ ಬಂಡೆಯಲ್ಲಿ ಯಾರೋ ಯಾವಾಗಲೋ ಬಡಿದ ಬೋಲ್ಟನ್ನು ನಂಬುವುದು ಹೇಗೆ, ಅವಕ್ಕೆ ವಾಪಸಾತಿಯ ಪ್ರಕಟಣೆಯೂ ಬರುವುದಿಲ್ಲವಲ್ಲ ಎಂದು ಅವನು ಕೇಳಿದ. ನಿಜ. ಅದಕ್ಕೇ ಆಂಕರ್‌ನಲ್ಲಿ ಎರಡು ಬೋಲ್ಟ್‌ಗಳಿರುತ್ತವೆ, ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತದೆ. ಸ್ಲಿಂಗ್ ಒಂದೇ.

ಅದೇ ಸಂಸ್ಥೆಯ ಕ್ಯಾರಾಬಿನರ್‌ಗಳನ್ನೂ (ಹಗ್ಗ, ಸ್ಲಿಂಗ್ ಸಿಕ್ಕಿಸುವ ಲೋಹದ ಕೊಂಡಿಗಳು) ಬಿಟ್ಟುಬಿಡುವೆಯಾ ಎಂದೂ ಅವನು ಕೆಣಕಿದ. ಇಲ್ಲ, ಬಿಡುವುದಿಲ್ಲ. ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡು ವಸ್ತುವನ್ನು ಹಿಂದಕ್ಕೆ ಪಡೆಯುವ ತಯಾರಕರ ಮೇಲೆ ನನಗೆ ವಿಶ್ವಾಸ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ. 2011ರಲ್ಲಿ ಪೆಟ್ಜಲ್ ಸಂಸ್ಥೆ ಹೊಸದಾಗಿ ಬಂದಿದ್ದ ಗ್ರಿಗ್ರಿ 2 ಬಿಲೇ ಸಾಧನಗಳನ್ನು, ಹಿಡಿಕೆಯ ಮೇಲೆ ಅತಿಯಾದ ಬಲ ಬಿದ್ದರೆ ಅದು ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಳ್ಳಬಹುದೆಂಬ ಕಾರಣಕ್ಕೆ ಹಿಂದಕ್ಕೆ ಕರೆಸಿಕೊಂಡಿತ್ತು. ಅದಾದ ಮೇಲೂ ಹತ್ತುವವರು ಗ್ರಿಗ್ರಿಯ ಕೈಬಿಡಲಿಲ್ಲ. ಅಂದರೆ ಈಗ ನಾನು ತೀರ್ಮಾನಿಸಬೇಕಾದದ್ದು ಸಂಸ್ಥೆಯ ಬಗ್ಗೆಯಲ್ಲ, ಬದಲಿ ಏನೂ ಇಲ್ಲದ ಜಾಗದಲ್ಲಿ ನಾನು ತೂಗುಹಾಕಿಕೊಳ್ಳುವ ಈ ಒಂದು ವಸ್ತುವಿನ ಬಗ್ಗೆ.

ಆ ಸ್ಲಿಂಗನ್ನು ಬಳಕೆಯಿಂದ ತೆಗೆದಿದ್ದೇನೆ. ವಿಷಯ ತಿಳಿದ ಗೆಳೆಯ, "ಎಸೆಯುವುದಾದರೆ ನನಗೇ ಕೊಡು" ಎಂದಾಗ, ಅವನೆದುರಿಗೇ ಅದನ್ನು ಕತ್ತರಿಯಿಂದ ಮೂರು ತುಂಡು ಮಾಡಿದೆ. ಅವನಿಗೆ ಬೇಸರವಾಗಿದೆ, ಎರಡು ದಿನದಿಂದ ಮಾತು ಕಡಿಮೆ. ಹೊಸದು ಬರುವವರೆಗೆ ನಾನು ಹಗ್ಗದಿಂದಲೇ ಕ್ಲೋವ್ ಹಿಚ್ ಗಂಟು ಹಾಕಿ ಆಂಕರ್‌ಗೆ ಕಟ್ಟಿಕೊಳ್ಳುತ್ತೇನೆ, ಹಗ್ಗ ಬಿಚ್ಚದೆ ನಡೆದು ಇಳಿಯಬಹುದಾದ ದಾರಿಗಳನ್ನಷ್ಟೇ ಹತ್ತುತ್ತೇನೆ. ಹಗ್ಗವನ್ನು ಹೇಗೂ ನಂಬಿಯೇ ಮೇಲೆ ಹೋಗಿರುತ್ತೇನಾದ್ದರಿಂದ, ಹೊಸದಾಗಿ ಇನ್ನೊಂದನ್ನು ನಂಬುವ ಪ್ರಮೇಯ ಬರುವುದಿಲ್ಲ.