ಹರಿದ ಕೋನ್‌ಗೆ ಚಹಾ ಚೀಲದ ತೇಪೆ

ಕಳೆದ ತಿಂಗಳು ಊರಹಬ್ಬದ ವಾದ್ಯಗೋಷ್ಠಿಯೊಂದನ್ನು ಮುಗಿಸಿಕೊಂಡು ಬರುವಾಗ, ಟೆಂಪೋದಲ್ಲಿ ಮೈಕ್ ಸ್ಟ್ಯಾಂಡ್ ಜಾರಿ ನನ್ನ ಬೇಸ್ ಕ್ಯಾಬಿನೆಟ್‌ನ, ಅಂದರೆ ಬೇಸ್ ಗಿಟಾರ್‌ನ ಸ್ಪೀಕರ್ ಪೆಟ್ಟಿಗೆಯ, ಮುಂಬದಿಯ ಬಟ್ಟೆಯನ್ನು ತೂರಿಕೊಂಡು ಒಳಗಿನ ಕೋನ್‌ಗೆ, ಅಂದರೆ ಅದುರಿ ಸದ್ದು ಹೊರಡಿಸುವ ಕಾಗದದ ಆಲಿಕೆಗೆ, ಚುಚ್ಚಿತು. ಮನೆಗೆ ತಂದು ಗಿಟಾರ್ ಜೋಡಿಸಿ ನೋಡಿದಾಗ ತೆಳು ತಂತಿಗಳ ಸ್ವರ ಸರಿಯಾಗಿಯೇ ಕೇಳುತ್ತಿತ್ತು. ದಪ್ಪನೆಯ ಇ ತಂತಿಯನ್ನು ಮೀಟಿದೊಡನೆ ಮಾತ್ರ ಬುಸ್ಸೆಂಬ ಗಾಳಿಯ ಸದ್ದೂ, ಒಣಗಿದ ಬಾಳೆಲೆ ಬಡಿದುಕೊಂಡಂತಹ ಪಟಪಟವೂ ಒಟ್ಟಿಗೆ ಬಂದವು.

ಇದಕ್ಕೆ ಕಾರಣ ಸ್ಪಷ್ಟವಾಗಿದೆ. ಇ ತಂತಿಯ ಮೂಲಸ್ವರ ಸುಮಾರು 41 ಹರ್ಟ್ಜ್. ಅದೇ ಮಟ್ಟದ ಸದ್ದು ಬರಬೇಕಾದರೆ ಆವರ್ತನ ಅರ್ಧಕ್ಕೆ ಇಳಿದಾಗ ಕೋನ್ ನಾಲ್ಕು ಪಟ್ಟು ದೂರ ಚಲಿಸಬೇಕಾಗುತ್ತದೆ. ಆದ್ದರಿಂದ ಸಣ್ಣ ಸೀಳು ಕೂಡ ಕೆಳಸ್ವರದಲ್ಲೇ ಬಾಯಿಬಿಡುತ್ತದೆ. ನನ್ನದು 10 ಇಂಚಿನ ನಾಲ್ಕು ಸ್ಪೀಕರ್‌ಗಳಿರುವ, ಹಿಂಬದಿಯನ್ನು ಪೂರ್ತಿ ಮುಚ್ಚಿದ ಪೆಟ್ಟಿಗೆ. ಆಂಪೆಗ್ ಕಂಪನಿ 1969ರಲ್ಲಿ ಹೊರತಂದ ಎಂಟು ಸ್ಪೀಕರ್‌ಗಳ ದೊಡ್ಡ ಪೆಟ್ಟಿಗೆಯೂ ಮುಚ್ಚಿದ ಜಾತಿಯದೇ. ಇಂಥವುಗಳಲ್ಲಿ ಒಳಗಿನ ಗಾಳಿಯೇ ಸ್ಪ್ರಿಂಗ್‌ನಂತೆ ಕೋನ್‌ಗಳನ್ನು ಹಿಡಿದಿಡುವುದರಿಂದ, ಒಂದು ಕೋನ್ ಹರಿದರೆ ಉಳಿದ ಮೂರಕ್ಕೂ ಆ ಹಿಡಿತ ಸಡಿಲವಾಗುತ್ತದೆ.

ಅಂಟು ಹಚ್ಚುವ ಮೊದಲು, ಕೋನ್‌ನ ಬುಡದಲ್ಲಿದ್ದು ಅದನ್ನು ಅಲುಗಿಸುವ ತಂತಿಸುರುಳಿ, ಅಂದರೆ ಕಾಯಿಲ್, ಉಳಿದಿದೆಯೇ ಎಂದು ನೋಡಬೇಕು. ಸ್ಪೀಕರ್‌ನ ವೈರುಗಳನ್ನು ಕಳಚಿ ವಿದ್ಯುತ್ ತಡೆ ಅಳೆಯುವ ಮೀಟರ್ ಇಟ್ಟಾಗ 8 ಓಮ್ ಸ್ಪೀಕರ್ ಸುಮಾರು 6 ಓಮ್ ತೋರಿಸಿದರೆ ಗಾಬರಿಯಾಗಬೇಕಿಲ್ಲ, ಅದು ಸಹಜ. ಆಮೇಲೆ ಎರಡೂ ಕೈಗಳ ಬೆರಳುಗಳನ್ನು ಕೋನ್ ಮೇಲೆ ಸಮನಾಗಿಟ್ಟು ಮೆಲ್ಲಗೆ ಒಳಕ್ಕೊತ್ತಿ ಕಿವಿಗೊಟ್ಟೆ. ಮರಳು ಉಜ್ಜಿದಂತಹ ಸದ್ದು ಬಂದಿದ್ದರೆ ಕಾಯಿಲ್ ಓರೆಯಾಗಿದೆ ಎಂದರ್ಥ; ಆಗ ತೇಪೆಯಿಂದ ಏನೂ ಪ್ರಯೋಜನವಿಲ್ಲ. ನನ್ನ ಪುಣ್ಯಕ್ಕೆ ಯಾವ ಸದ್ದೂ ಇರಲಿಲ್ಲ.

ಸೀಳು ಮೂರೂವರೆ ಸೆಂಟಿಮೀಟರ್ ಉದ್ದವಿತ್ತು, ಕಾಗದದ ಎಳೆಗಳು ಎರಡೂ ಬದಿಯಲ್ಲಿ ನವಿರಾಗಿ ಹೊರಚಾಚಿದ್ದವು. ಅವನ್ನು ಕತ್ತರಿಸಬಾರದು, ಏಕೆಂದರೆ ಮತ್ತೆ ಹೆಣೆದುಕೊಳ್ಳುವುದು ಆ ಎಳೆಗಳೇ. ಎರಡು ಪಾಲು ಫೆವಿಕಾಲ್‌ಗೆ ಒಂದು ಪಾಲು ನೀರು ಬೆರೆಸಿ, ಸಣ್ಣ ಕುಂಚದಿಂದ ಸೀಳಿನ ಅಂಚುಗಳಿಗೆ ಸವರಿ, ಒಂದರ ಮೇಲೊಂದು ಏರದಂತೆ ಕೂಡಿಸಿದೆ. ತೇಪೆಗೆ ಬಳಸಿದ್ದು ಚಹಾ ಚೀಲದ ಖಾಲಿ ಕಾಗದ: ಎಳೆ ಉದ್ದ, ತೂಕ ಕಡಿಮೆ, ಒದ್ದೆಯಾದರೂ ಹರಿಯುವುದಿಲ್ಲ. ಕತ್ತರಿ ತಾಗಿಸದೆ ಕೈಯಲ್ಲೇ ಹರಿದು ತೆಗೆದರೆ ಅದರ ಅಂಚು ತೆಳುವಾಗಿ ಕೋನ್‌ನೊಳಗೆ ಬೆರೆತುಹೋಗುತ್ತದೆ. ಮೊದಲು ಹಿಂಬದಿಗೆ ಒಂದು ತೇಪೆ, ಒಂದು ದಿನ ಒಣಗಿದ ಮೇಲೆ ಮುಂಬದಿಗೆ ಇನ್ನೊಂದು. ಭದ್ರವಾಗಲೆಂದು ಬಟ್ಟೆ ಹಾಕುವುದನ್ನು, ಅಂಟು ಸುರಿಯುವುದನ್ನು ಬಹಳ ಕಡೆ ನೋಡಿದ್ದೇನೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಒಂದೇ ಬದಿಗೆ ತೂಕ ಹೆಚ್ಚಾದರೆ ಕೋನ್ ನೆಟ್ಟಗೆ ಚಲಿಸದೆ ಓಲಾಡುತ್ತದೆ.

ಪಕ್ಕದ ಸ್ಪೀಕರ್‌ನ ಅಂಚಿನಲ್ಲಿ, ನೆರಿಗೆಗಳಿರುವ ಬಟ್ಟೆಯಲ್ಲಿ, ಕೂದಲೆಳೆಯಷ್ಟು ಬಿರುಕು ಕಂಡಿತು. ಅಲ್ಲಿಗೆ ಫೆವಿಕಾಲ್ ಸಲ್ಲದು. ಪ್ರತಿ ಮೀಟಿಗೂ ಮಡಿಸಿ ಬಿಚ್ಚಿಕೊಳ್ಳುವ ಆ ಜಾಗದಲ್ಲಿ ಗಟ್ಟಿಯಾಗುವ ಅಂಟು ಮತ್ತೊಂದು ಬಿರುಕನ್ನು ಹುಟ್ಟಿಸುತ್ತದೆ. ಒಣಗಿದರೂ ರಬ್ಬರಿನಂತೆ ಬಳುಕುವ ಅಂಟನ್ನು ಅಲ್ಲಿಗೆ ತೆಳುವಾಗಿ ಹಚ್ಚಿದೆ.

ಕಾಯಿಲ್ ಸುಟ್ಟಿದ್ದರೆ ಕೋನ್, ಕಾಯಿಲ್, ಕಾಯಿಲನ್ನು ನಡುವಲ್ಲಿ ಹಿಡಿದಿಡುವ ಸ್ಪೈಡರ್, ಈ ಮೂರನ್ನೂ ಬದಲಿಸುವ ರೀಕೋನಿಂಗ್ ಮಾಡಿಸಲೇಬೇಕಾಗುತ್ತದೆ. ಬರೀ ಸೀಳಿಗಾಗಿ ಹಳೆಯ ಕೋನನ್ನು ಕಿತ್ತೊಗೆಯುವುದನ್ನು ನಾನು ಒಪ್ಪುವುದಿಲ್ಲ; ವರ್ಷಗಟ್ಟಲೆ ನುಡಿದು ಪಳಗಿದ ಕಾಗದದ ದನಿ ಹೊಸದರಲ್ಲಿ ಸಿಗುವುದಿಲ್ಲ.

ಮರಳಿ ಕೂರಿಸುವ ಮೊದಲು ಪ್ರತಿ ಸ್ಪೀಕರ್‌ಗೂ ಒಂದೂವರೆ ವೋಲ್ಟಿನ ಸೆಲ್ ತಾಗಿಸಿ, ಪ್ಲಸ್‌ಗೆ ಪ್ಲಸ್ ಕೊಟ್ಟಾಗ ಕೋನ್ ಮುಂದಕ್ಕೆ ಬರುತ್ತದೆಯೆಂದು ಖಚಿತಪಡಿಸಿಕೊಂಡೆ. ಆಮೇಲೆ ಮೊಬೈಲ್‌ನಿಂದ 30ರಿಂದ 200 ಹರ್ಟ್ಜ್‌ವರೆಗಿನ ಸ್ವರವನ್ನು ಸಣ್ಣ ದನಿಯಲ್ಲಿ ಹಾಯಿಸಿದೆ. ಪಟಪಟ ಹೋಗಿತ್ತು, ಆದರೆ 40ರ ಹತ್ತಿರ ಬುಸ್ ಎನ್ನುವುದು ಇನ್ನೂ ಸ್ವಲ್ಪ ಉಳಿದಿತ್ತು. ತೇಪೆಯೇ ಸೋತಿತೆಂದು ಮನಸ್ಸು ಕುಗ್ಗಿತು. ಒದ್ದೆ ಬೆರಳನ್ನು ಪೆಟ್ಟಿಗೆಯ ಸುತ್ತ ಹಿಡಿಯುತ್ತಾ ಹೋದಾಗ ಹಿಂಬದಿಯಲ್ಲಿ ವೈರು ಸಿಕ್ಕಿಸುವ ಜಾಕ್ ಪ್ಲೇಟಿನ ಬಳಿ ತಣ್ಣನೆಯ ಗಾಳಿ ತಗುಲಿತು. ನಾಲ್ಕು ಸ್ಕ್ರೂಗಳಲ್ಲಿ ಎರಡು ಸಡಿಲವಾಗಿದ್ದವು. ಕೆಳಗೆ ಫೋಮ್ ಪಟ್ಟಿ ಅಂಟಿಸಿ ಬಿಗಿ ಮಾಡಿ, ಇ ತಂತಿಯನ್ನು ಮತ್ತೆ ಮೀಟಿದೆ. ಈ ಸಲ ಸ್ವರವೊಂದೇ ಕೇಳಿಸಿತು.